ಸೈಕಲ್ ಬಿಡಬೇಕಾ, ಗನ್ ತರಬೇಕಾ? ಟೆಕ್ಸಸ್‌ನ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಾನು ಮಡಿಕೇರಿ ಕಡೆಯವನು. ಅಮೆರಿಕಕ್ಕೆ ಬಂದು ಬಹಳ ವರ್ಷ ಆಯಿತು. ಈಗ ಟೆಕ್ಸಸ್‌ನ ಪ್ಲೇನೋದಲ್ಲಿದ್ದೇನೆ. ವಾರಕ್ಕೆ ಮೂರು ದಿನ ಆಫೀಸಿಗೆ ಸೈಕಲ್‌ನಲ್ಲಿ ಹೋಗಿ ಬರುತ್ತೇನೆ. ಒಂದು ಕಡೆಗೆ 9 ಕಿಲೋಮೀಟರ್, ಅರ್ಧ ಗಂಟೆ. ಇಲ್ಲಿನ ಟ್ರಾಫಿಕ್ ನೋಡಿ ನನ್ನ ಹೆಂಡತಿಗೆ ಭಯ. ಇತ್ತೀಚೆಗೆ ಗ್ರೀನ್ ಕಾರ್ಡ್ ಬಂತು. ಪಕ್ಕದ ಬೀದಿಯ ಮನೆಯೊಂದಕ್ಕೆ ಕಳ್ಳರು ನುಗ್ಗಿದ ಮೇಲೆ ಆಫೀಸಿನ ಗೆಳೆಯರೊಬ್ಬರು ‘ಒಂದು ಪಿಸ್ತೂಲು ತಗೊಂಡುಬಿಡು’ ಅಂತಿದ್ದಾರೆ. ಅವರ ವಾದ ಇದು: ಅಮೆರಿಕದಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಜನ ಸೈಕಲ್ ಓಡಿಸುವಾಗ ಸಾಯುತ್ತಾರೆ. ಗನ್ ಆಕಸ್ಮಿಕವಾಗಿ ಸಿಡಿದು ಸಾಯುವವರು ಐನೂರೂ ಇಲ್ಲ. ಹಾಗಾಗಿ ನನ್ನ ಸೈಕಲ್ಲೇ ಅವರ ಗನ್‌ಗಿಂತ ಅಪಾಯವಂತೆ. ಕೋವಿ ನಮ್ಮ ಮನೆತನಕ್ಕೆ ಹೊಸದಲ್ಲ, ಊರಿನ ಐನ್‌ಮನೆಯಲ್ಲಿ (ಮೂಲಮನೆಯಲ್ಲಿ) ತಾತನ ಕಾಲದ್ದು ಇದೆ. ನನಗೆ 15 ವರ್ಷದ ಮಗ, 9 ವರ್ಷದ ಮಗಳು. ಗೆಳೆಯರ ಲೆಕ್ಕ ಸರಿಯೇ?

ಉತ್ತರ: ನಿಮ್ಮ ಗೆಳೆಯರು ಹೇಳಿದ ಎರಡೂ ಅಂಕಿ ಸರಿ. 2022ರಲ್ಲಿ ಅಮೆರಿಕದ ರಸ್ತೆಗಳಲ್ಲಿ 1,100ಕ್ಕೂ ಹೆಚ್ಚು ಸೈಕಲ್ ಸವಾರರು ಸತ್ತರು. ಅದೇ ವರ್ಷ ಗನ್ ಆಕಸ್ಮಿಕವಾಗಿ ಸಿಡಿದು ಸತ್ತವರು 463 ಜನ. ಇಷ್ಟನ್ನೇ ಪಕ್ಕಪಕ್ಕ ಇಟ್ಟು ನೋಡಿದರೆ ಸೈಕಲ್ ಎರಡು ಪಟ್ಟಿಗಿಂತ ಜಾಸ್ತಿ ಅಪಾಯ ಅನ್ನಿಸುತ್ತದೆ.

ಆದರೆ ಆ ವರ್ಷ ಗನ್‌ನಿಂದ ಸತ್ತವರ ಒಟ್ಟು ಸಂಖ್ಯೆ 48,204. ಅದರಲ್ಲಿ 27,032 ಆತ್ಮಹತ್ಯೆ, 19,651 ಕೊಲೆ. ‘ಆಕಸ್ಮಿಕ’ ಅನ್ನುವ ಖಾನೆಗೆ ಬರುವುದು ನೂರರಲ್ಲಿ ಒಂದು ಸಾವು ಮಾತ್ರ. ಸೈಕಲ್ ಸಾವುಗಳು ಹೆಚ್ಚುಕಡಿಮೆ ಎಲ್ಲವೂ ಅಪಘಾತಗಳೇ. ಹೀಗಾಗಿ ಆಕಸ್ಮಿಕ ಸಾವನ್ನು ಮಾತ್ರ ಎಣಿಸಿದರೆ ಸೈಕಲ್‌ನ ಲೆಕ್ಕ ಪೂರ್ತಿ ಬರುತ್ತದೆ, ಗನ್‌ನ ಲೆಕ್ಕದಲ್ಲಿ 99 ಪಾಲು ಬಿಟ್ಟುಹೋಗುತ್ತದೆ. ಗೆಳೆಯರು ಬೇಕೆಂದೇ ಹೀಗೆ ಹೇಳಿದರು ಅಂತ ನನಗೆ ಅನ್ನಿಸುವುದಿಲ್ಲ. ಗನ್ ಅಪಾಯ ಅಂದಾಗ ಹೆಚ್ಚಿನವರ ಮನಸ್ಸಿಗೆ ಬರುವ ಚಿತ್ರವೇ ಮಗು ಡ್ರಾಯರ್ ತೆಗೆದು ಟ್ರಿಗರ್ ಎಳೆಯುವುದು. ಅದೂ ನಡೆಯುತ್ತದೆ. ಆದರೆ ಜಾಸ್ತಿ ಸಾವು ಆಗುವುದು ಬೇರೆ ಕಡೆ.

ಇಲ್ಲಿ ಗೆಳೆಯರು ಒಂದು ನ್ಯಾಯವಾದ ಪ್ರಶ್ನೆ ಎತ್ತಬಹುದು. ‘ಕೊಲೆ ಮಾಡುವವರು ಬೇರೆ, ಆತ್ಮಹತ್ಯೆ ಮಾಡಿಕೊಳ್ಳುವವರು ಬೇರೆ. ನಾನು ಸಂಸಾರಸ್ಥ, ಜವಾಬ್ದಾರಿ ಇರುವವನು. ಅವರ ಲೆಕ್ಕ ನನ್ನ ತಲೆಗೆ ಯಾಕೆ?’ ಈ ಪ್ರಶ್ನೆಗೆ ಉತ್ತರಿಸಲು ದೇಶದ ಒಟ್ಟು ಅಂಕಿ ಸಾಲದು. ನಿಮ್ಮಂಥ ಸಾಮಾನ್ಯ ಮನೆಗೆ ಗನ್ ಬಂದ ಮೇಲೆ ಏನಾಗುತ್ತದೆ ಅಂತ ನೋಡಬೇಕು.

ಕ್ಯಾಲಿಫೋರ್ನಿಯಾದಲ್ಲಿ ಅದನ್ನೇ ನೋಡಿದ್ದಾರೆ. ಅಲ್ಲಿ ಕೈಗನ್ ಮಾರಾಟದ ದಾಖಲೆ ಸರ್ಕಾರದ ಬಳಿ ಇರುತ್ತದೆ. ಸ್ಟ್ಯಾನ್‌ಫರ್ಡ್‌ನ ಡೇವಿಡ್ ಸ್ಟಡರ್ಟ್ ಮತ್ತು ಸಂಗಡಿಗರು 2.6 ಕೋಟಿಗೂ ಹೆಚ್ಚು ವಯಸ್ಕರ ದಾಖಲೆಗಳನ್ನು 2004ರಿಂದ 2016ರವರೆಗೆ ಹಿಂಬಾಲಿಸಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೈಗನ್ ಇಲ್ಲದ ಗಂಡಸರಿಗೆ ಹೋಲಿಸಿದರೆ, ಕೈಗನ್ ಕೊಂಡ ಗಂಡಸರು ಗುಂಡು ಹಾರಿಸಿಕೊಂಡು ಸಾಯುವ ಪ್ರಮಾಣ ಸುಮಾರು 8 ಪಟ್ಟು. ಹೆಂಗಸರಲ್ಲಿ ಅದು 35 ಪಟ್ಟು. ಸಾಯಬೇಕು ಅಂತಲೇ ಗನ್ ಕೊಂಡವರು ಇದರಲ್ಲಿ ಸೇರಿಲ್ಲವೇ ಅಂತ ನೀವು ಕೇಳಬಹುದು. ಕೆಲವರು ಹಾಗಿದ್ದರು, ನಿಜ. ಕೊಂಡ ಮೊದಲ ತಿಂಗಳಲ್ಲಿ ಪ್ರಮಾಣ ತುಂಬಾ ಜಾಸ್ತಿ ಇತ್ತು. ಆದರೆ ಆ ಸಾವುಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಆಗಿದ್ದು ಕೊಂಡು ಒಂದು ವರ್ಷ ಕಳೆದ ಮೇಲೆ. ಅಂದರೆ ಮನೆ ಕಾಯಲಿ ಅಂತ ತಂದು, ಮರೆತು, ಎಷ್ಟೋ ದಿನದ ನಂತರ ಬಂದ ಒಂದು ಕೆಟ್ಟ ರಾತ್ರಿಯಲ್ಲಿ ಅದು ಕೈಗೆ ಸಿಕ್ಕಿದೆ.

ಇದೇ ತಂಡ 2022ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತು. ಈ ಸಲ ಅವರು ನೋಡಿದ್ದು ಗನ್ ಕೊಂಡವರನ್ನಲ್ಲ, ಅವರ ಜೊತೆ ಒಂದೇ ಮನೆಯಲ್ಲಿರುವವರನ್ನು. ನನ್ನ ಪ್ರಕಾರ ನಿಮಗೆ ಇದೇ ಹೆಚ್ಚು ಮುಖ್ಯ. ಗನ್ ಇಲ್ಲದ ಮನೆಯವರಿಗಿಂತ, ಗನ್ ಇರುವವರ ಜೊತೆ ವಾಸಿಸುವವರು ಕೊಲೆಯಾಗುವ ಪ್ರಮಾಣ ಎರಡು ಪಟ್ಟಿಗಿಂತ ಹೆಚ್ಚಿತ್ತು. ಮನೆಯೊಳಗೇ ಗಂಡ, ಹೆಂಡತಿ ಅಥವಾ ಸಂಗಾತಿಯ ಗುಂಡಿಗೆ ಬಲಿಯಾಗುವ ಪ್ರಮಾಣ ಸುಮಾರು 7 ಪಟ್ಟು, ಹಾಗೆ ಸತ್ತವರಲ್ಲಿ 84 ಶೇಕಡಾ ಹೆಂಗಸರು. ಹೊರಗಿನವರು ನುಗ್ಗಿ ಕೊಲ್ಲುವುದು ಈ ಮನೆಗಳಲ್ಲಿ ಕಡಿಮೆ ಆಗಿರಬಹುದು ಅಂತ ಹುಡುಕಿದರೆ, ಅದಕ್ಕೆ ಪುರಾವೆ ಸಿಗಲಿಲ್ಲ.

ಈ ಪಟ್ಟುಗಳನ್ನು ಓದಿ ಗಾಬರಿಯಾಗಬೇಡಿ. ಒಂದು ಮನೆಗೆ ಒಂದು ವರ್ಷದಲ್ಲಿ ಬರುವ ಅಪಾಯ ಆಗಲೂ ಸಣ್ಣದೇ. ಅಮೆರಿಕದಲ್ಲಿ ಹತ್ತರಲ್ಲಿ ನಾಲ್ಕು ಜನ ವಯಸ್ಕರು ಗನ್ ಇರುವ ಮನೆಯಲ್ಲಿ ಬದುಕುತ್ತಾರೆ, ಅವರಲ್ಲಿ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ನೀವು ಕೇಳಬೇಕಾದ ಪ್ರಶ್ನೆ ಇಷ್ಟೇ: ರಕ್ಷಣೆಗೆ ಅಂತ ತರುವ ವಸ್ತು ಮನೆಯವರ ಅಪಾಯವನ್ನು ಇಳಿಸುತ್ತದಾ, ಏರಿಸುತ್ತದಾ? ಸಿಕ್ಕಿರುವ ಪುರಾವೆ ಏರಿಸುತ್ತದೆ ಅನ್ನುತ್ತದೆ. ಕಳ್ಳತನದ ವಿಷಯಕ್ಕೆ ಬಂದರೆ, ಅಲ್ಲಿನ ರಾಷ್ಟ್ರೀಯ ಅಪರಾಧ ಸಮೀಕ್ಷೆಯ ಪ್ರಕಾರ ಅಪರಾಧಿ ಎದುರಿಗೇ ಇದ್ದ ಘಟನೆಗಳಲ್ಲೂ ಬಲಿಪಶು ಗನ್ ಬಳಸಿದ್ದು ನೂರಕ್ಕೆ ಒಂದರಷ್ಟೂ ಇಲ್ಲ. ಒಳ್ಳೆಯ ಬೀಗ, ಹೊರಗಡೆ ಬೆಳಕು, ಅಲಾರ್ಮ್ ಇವುಗಳಿಗೆ ಖರ್ಚು ಮಾಡಿ. ಅವುಗಳಿಂದ ಮನೆಯಲ್ಲಿ ಯಾರಿಗೂ ಅಪಾಯವಿಲ್ಲ.

ಈಗ ಮಗನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ನಮ್ಮ ಮನೆಗಳಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ. ‘ನಮ್ಮ ಹುಡುಗ ಹಾಗಲ್ಲ’ ಅಂತ ಎಲ್ಲ ತಂದೆತಾಯಿಯರೂ ನಂಬುತ್ತಾರೆ. 15 ವರ್ಷ ಅಂದರೆ ಪರೀಕ್ಷೆ, ಸ್ನೇಹ, ಅವಮಾನ ಎಲ್ಲವೂ ದೊಡ್ಡದಾಗಿ ಕಾಣುವ ವಯಸ್ಸು. ಬೇಸರ ಬರುತ್ತದೆ, ಹೋಗುತ್ತದೆ. ಅದು ಹೋಗುವವರೆಗೆ ಕೈಗೆ ಏನು ಸಿಗುತ್ತದೆ ಅನ್ನುವುದರ ಮೇಲೆ ಜೀವ ನಿಂತಿರುತ್ತದೆ. ನಿಮ್ಮ ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲೇ, ಆತ್ಮಹತ್ಯೆಗೆ ಪ್ರಯತ್ನಿಸಿ ಸಾವಿನ ಅಂಚಿಗೆ ಹೋಗಿ ಉಳಿದ 13ರಿಂದ 34 ವರ್ಷದ 153 ಜನರನ್ನು ಸಂಶೋಧಕರು ಮಾತಾಡಿಸಿದರು. ನಿರ್ಧಾರಕ್ಕೂ ಕೃತ್ಯಕ್ಕೂ ನಡುವೆ ಐದು ನಿಮಿಷವೂ ಇರಲಿಲ್ಲ ಅಂದವರು ನಾಲ್ವರಲ್ಲಿ ಒಬ್ಬರು. ಆ ಐದು ನಿಮಿಷದಲ್ಲಿ ಗನ್ ಕೈಗೆಟುಕಿದರೆ ಹತ್ತರಲ್ಲಿ ಒಂಬತ್ತು ಸಲ ವಾಪಸ್ ಬರುವ ದಾರಿ ಇರುವುದಿಲ್ಲ. ಗನ್ ಇಲ್ಲದಿದ್ದರೆ ಹೆಚ್ಚಿನವರು ಬದುಕುತ್ತಾರೆ. ಹಾಗೆ ಬದುಕಿದವರಲ್ಲಿ ಬಹುಪಾಲು ಜನ ಮುಂದೆಯೂ ಆತ್ಮಹತ್ಯೆಯಿಂದ ಸಾಯುವುದಿಲ್ಲ.

‘ಸಾಯಬೇಕು ಅಂದುಕೊಂಡವರು ಹೇಗಾದರೂ ಸಾಯುತ್ತಾರೆ’ ಅನ್ನುವ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅದು ತಪ್ಪು. ಇಸ್ರೇಲ್ ಸೇನೆ 2006ರಲ್ಲಿ ಒಂದು ಸಣ್ಣ ಬದಲಾವಣೆ ಮಾಡಿತು. ವಾರಾಂತ್ಯಕ್ಕೆ ಮನೆಗೆ ಹೋಗುವ ಯುವ ಸೈನಿಕರು ರೈಫಲ್ಲನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕು ಅಂತ ಮಾಡಿತು. ಸೈನಿಕರ ಆತ್ಮಹತ್ಯೆ ಸುಮಾರು 40 ಶೇಕಡಾ ಇಳಿಯಿತು. ಇಳಿದದ್ದು ವಾರಾಂತ್ಯದ ಸಾವುಗಳು. ವಾರದ ಬೇರೆ ದಿನಗಳಲ್ಲಿ ಅವು ಏರಲಿಲ್ಲ. ಗನ್‌ಗೆ ಸಂಬಂಧವಿಲ್ಲದ ಇನ್ನೊಂದು ಉದಾಹರಣೆ ನಮ್ಮ ಪಕ್ಕದ ಶ್ರೀಲಂಕಾದ್ದು. ಅಲ್ಲಿ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. 1995ರಿಂದ 2015ರ ಹೊತ್ತಿಗೆ ಒಟ್ಟು ಆತ್ಮಹತ್ಯೆ ಪ್ರಮಾಣ ಸುಮಾರು 70 ಶೇಕಡಾ ಕಡಿಮೆಯಾಯಿತು. ಜನರ ಕಷ್ಟ ಅಷ್ಟೇನೂ ಕಡಿಮೆಯಾಗಿರಲಿಲ್ಲ. ಕೈಗೆ ಸಿಗುತ್ತಿದ್ದ ವಿಷದ ತೀವ್ರತೆ ಕಡಿಮೆಯಾಗಿತ್ತು. ಕರ್ನಾಟಕದ ಹಳ್ಳಿಗಳಲ್ಲಿ ಕೆಲಸ ಮಾಡಿದ ಯಾವ ವೈದ್ಯರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

2020ರಿಂದ ಅಮೆರಿಕದ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಮೊದಲ ಕಾರಣ ಗನ್. ಅದಕ್ಕೂ ಮೊದಲು ಆ ಜಾಗದಲ್ಲಿ ಇದ್ದದ್ದು ವಾಹನ ಅಪಘಾತ. ಗನ್‌ನಿಂದ ಆತ್ಮಹತ್ಯೆ ಮಾಡಿಕೊಂಡ ಹದಿಹರೆಯದವರಲ್ಲಿ ಬಹುತೇಕರು ಬಳಸಿದ್ದು ಮನೆಯವರದೇ ಗನ್.

ಇನ್ನು ಸೈಕಲ್. ನಿಮ್ಮ ಮನೆಯವರ ಭಯವನ್ನು ಸುಮ್ನೆ ತಳ್ಳಿಹಾಕಬೇಡಿ. ಅಮೆರಿಕದಲ್ಲಿ ಸೈಕಲ್ ಓಡಿಸುವುದು ನೆದರ್ಲೆಂಡ್ಸ್‌ನಲ್ಲಿ ಓಡಿಸಿದ ಹಾಗಲ್ಲ. ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಸವಾರ ಸಾಯುವ ಅಪಾಯ ಅಲ್ಲಿಗಿಂತ ಅಮೆರಿಕದಲ್ಲಿ ಹಲವು ಪಟ್ಟು. ಕಾರಿನಲ್ಲಿ ಕೂತವರಿಗಿಂತಲೂ ಜಾಸ್ತಿ. ಟೆಕ್ಸಸ್‌ನ ಆರು ಲೇನಿನ ನೇರ ರಸ್ತೆ, ಗಂಟೆಗೆ 70 ಕಿಲೋಮೀಟರ್ ವೇಗ, ಎದೆ ಎತ್ತರದ ಮೂತಿ ಇರುವ ಪಿಕಪ್ ಟ್ರಕ್, ಎಲ್ಲ ಸೇರಿದರೆ ಸಣ್ಣ ತಪ್ಪಿಗೂ ಕ್ಷಮೆ ಇಲ್ಲ.

ಆದರೂ ನಾನು ಸೈಕಲ್ ಬಿಡಿ ಅನ್ನುವುದಿಲ್ಲ. ಯಾಕಂದರೆ ಸೈಕಲ್‌ನ ಲೆಕ್ಕದಲ್ಲಿ ಇನ್ನೊಂದು ಪುಟ ಇದೆ, ಮನೆಯಲ್ಲಿಟ್ಟ ಗನ್‌ನ ಲೆಕ್ಕದಲ್ಲಿ ಆ ಪುಟ ಇಲ್ಲ. ನೀವು ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ ಪೆಡಲ್ ತುಳಿಯುತ್ತೀರಿ. ಅಂದರೆ 180 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಕನಿಷ್ಠ ಬೇಕು ಅನ್ನುವುದು 150 ನಿಮಿಷ. ಜಿಮ್‌ಗೆ ಹೋಗದೆ, ಬೇರೆ ಸಮಯ ತೆಗೆಯದೆ ಅದು ನಿಮಗೆ ದಕ್ಕುತ್ತಿದೆ. ನಮ್ಮ ಕಡೆಯ ಜನಕ್ಕೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಬೇರೆಯವರಿಗಿಂತ ಬೇಗ ಬರುತ್ತದೆ. ಹೊಟ್ಟೆ ದೊಡ್ಡದಾಗಿ ಕಾಣದಿದ್ದರೂ ಬರುತ್ತದೆ. ದಿನವಿಡೀ ಕುರ್ಚಿಯಲ್ಲಿ ಕೂರುವ ಕೆಲಸದವರಿಗೆ ಇನ್ನೂ ಬೇಗ. ನಿಮ್ಮ ವಯಸ್ಸಿನ ಕನ್ನಡಿಗರಿಗೆ ಪ್ಲೇನೋದಲ್ಲಿ ಕಳ್ಳನಿಗಿಂತ ದೊಡ್ಡ ಅಪಾಯ ಇದೇ.

ಗ್ಲಾಸ್ಗೋ ವಿಶ್ವವಿದ್ಯಾಲಯದವರು ಬ್ರಿಟನ್ನಿನ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿ 2017ರಲ್ಲಿ ವರದಿ ಮಾಡಿದರು. ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವರಲ್ಲಿ, ಕಾರು ಬಸ್ಸಿನಲ್ಲಿ ಹೋಗುವವರಿಗಿಂತ ಸಾವಿನ ಅಪಾಯ 41 ಶೇಕಡಾ ಕಡಿಮೆ ಇತ್ತು. ಸೈಕಲ್ ಓಡಿಸುವವರು ಮೊದಲಿಂದಲೇ ಸ್ವಲ್ಪ ಆರೋಗ್ಯವಂತರು ಇರುತ್ತಾರೆ, ಹಾಗಾಗಿ ಪೂರ್ತಿ ಶ್ರೇಯ ಸೈಕಲ್‌ಗೆ ಕೊಡಲು ಆಗುವುದಿಲ್ಲ. ಸಿಗರೇಟು, ಆಹಾರ, ತೂಕ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಉಳಿದ ಅಂತರ ಇದು.

ಲಾಭ ನಷ್ಟವನ್ನು ಒಂದೇ ತಕ್ಕಡಿಗೆ ಹಾಕಿದ ಕೆಲಸವೂ ಇದೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನ ಸಂಶೋಧಕರು 2010ರಲ್ಲಿ ಲೆಕ್ಕ ಹಾಕಿದರು: ಒಬ್ಬ ಮನುಷ್ಯ ಸಣ್ಣ ದೂರಗಳಿಗೆ ಕಾರು ಬಿಟ್ಟು ಸೈಕಲ್ ಹಿಡಿದರೆ ಆಯಸ್ಸು ಎಷ್ಟು ಹೆಚ್ಚು, ಎಷ್ಟು ಕಮ್ಮಿ ಅಂತ. ವ್ಯಾಯಾಮದಿಂದ ಸಿಗುವುದು 3ರಿಂದ 14 ತಿಂಗಳು. ಹೊಗೆ ಕುಡಿದು ಕಳೆಯುವುದು ಹೆಚ್ಚೆಂದರೆ 40 ದಿನ. ಅಪಘಾತದಿಂದ ಕಳೆಯುವುದು 5ರಿಂದ 9 ದಿನ. ಆ ರಸ್ತೆಗಳು ಬೇರೆ, ನಿಮ್ಮವು ಬೇರೆ ಅಲ್ವಾ? ಸರಿ, ಅಪಘಾತದ ನಷ್ಟವನ್ನು ಐದು ಪಟ್ಟು ಮಾಡಿ. ಆಗಲೂ ಒಂದೂವರೆ ತಿಂಗಳು. ಹೆಚ್ಚಿನ ಲೆಕ್ಕಗಳಲ್ಲಿ ಗಳಿಕೆಯೇ ಮುಂದೆ. ನಡುವಯಸ್ಸಿನವರಿಗೆ ಇದು ಇನ್ನೂ ಗಟ್ಟಿ, ಯಾಕಂದರೆ ಹೃದಯ ಕೈಕೊಡುವ ವಯಸ್ಸು ಅದೇ.

ಸಮಾಜದ ಲೆಕ್ಕಕ್ಕೆ ಬಂದರೆ ನನಗೆ ಯಾವ ಗೊಂದಲವೂ ಇಲ್ಲ. ಸೈಕಲ್‌ನಿಂದ ಆಗುವ ನಷ್ಟ ಬಹುತೇಕ ಸವಾರನಿಗೇ ಆಗುತ್ತದೆ. ಸೈಕಲ್ ಬಡಿದು ಪಾದಚಾರಿ ಸಾಯುವುದು ಇದೆ, ಆದರೆ ತೀರಾ ಅಪರೂಪ. ಲಾಭ ಮಾತ್ರ ಎಲ್ಲರಿಗೂ ಹಂಚಿಹೋಗುತ್ತದೆ: ಕಡಿಮೆ ಹೊಗೆ, ಕಡಿಮೆ ಸದ್ದು, ಒಂದು ಕಾರಿನ ಜಾಗ ಖಾಲಿ, ಆಸ್ಪತ್ರೆ ಖರ್ಚು ಕಡಿಮೆ. 2019ರಲ್ಲಿ ಯುರೋಪಿನ ಅಂಕಿ ಇಟ್ಟುಕೊಂಡು ಸ್ಟೆಫಾನ್ ಗ್ಯೋಸ್ಲಿಂಗ್ ಮತ್ತು ಸಂಗಡಿಗರು ಇದಕ್ಕೆ ಬೆಲೆ ಕಟ್ಟಿದರು. ಕಾರು ಒಂದು ಕಿಲೋಮೀಟರ್ ಓಡಿದರೆ ಸಮಾಜಕ್ಕೆ 11 ಯೂರೋ ಸೆಂಟ್ ನಷ್ಟ. ಸೈಕಲ್ ಓಡಿದರೆ 18 ಸೆಂಟ್ ಲಾಭ.

ಗನ್‌ಗೂ ಇಂಥ ಲೆಕ್ಕ ಇದೆ. ಫಿಲಿಪ್ ಕುಕ್ ಮತ್ತು ಜೆನ್ಸ್ ಲುಡ್ವಿಗ್ ಎಂಬ ಇಬ್ಬರು ಸಂಶೋಧಕರು 2006ರಲ್ಲಿ ಅಮೆರಿಕದ ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಅಂಕಿ ತೆಗೆದು ನೋಡಿದರು. ಗನ್ ಇರುವ ಮನೆಗಳು ಹೆಚ್ಚಾದಂತೆ ಆ ಕೌಂಟಿಯ ಕೊಲೆಗಳೂ ಹೆಚ್ಚುತ್ತವೆ. ಗನ್ ತರುವ ಒಂದೊಂದು ಮನೆಯೂ ವರ್ಷಕ್ಕೆ 100ರಿಂದ 1,800 ಡಾಲರ್ ಹೊರೆಯನ್ನು ಊರಿನ ಮೇಲೆ ಹೊರಿಸುತ್ತದೆ ಅಂತ ಅವರ ಅಂದಾಜು. ಸಂಸಾರಸ್ಥರ ಗನ್ನಿಗೂ ಊರಿನ ಕೊಲೆಗೂ ಏನು ಸಂಬಂಧ? ಕಳ್ಳತನ. ಅಮೆರಿಕದಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಗನ್ ಮನೆಗಳಿಂದ, ನಿಲ್ಲಿಸಿದ ಕಾರುಗಳಿಂದ ಕಳುವಾಗುತ್ತವೆ. ಕಾನೂನುಬದ್ಧವಾಗಿ ಕೊಂಡ ಗನ್ ಅಪರಾಧಿಗಳ ಕೈ ಸೇರುವ ದೊಡ್ಡ ದಾರಿಗಳಲ್ಲಿ ಇದೂ ಒಂದು. ಆ ಖರ್ಚು ಬೀಳುವುದು ಗನ್ ಕೊಂಡವರ ಮೇಲಲ್ಲ. ಗುಂಡು ತಗುಲಿದವರ ಮೇಲೆ, ಅವರ ಮನೆಯವರ ಮೇಲೆ, ಸರ್ಕಾರಿ ಆಸ್ಪತ್ರೆಯ ಮೇಲೆ.

ಇನ್ನೊಂದು ವ್ಯತ್ಯಾಸ ನನಗೆ ಮುಖ್ಯ ಅನ್ನಿಸುತ್ತದೆ. ಸೈಕಲ್‌ನ ಅಪಾಯ ಇರುವುದು ಸೈಕಲ್‌ನಲ್ಲಿ ಅಲ್ಲ, ರಸ್ತೆಯಲ್ಲಿ. ಅದನ್ನು ಸರಿಮಾಡಬಹುದು. 1971ರಲ್ಲಿ ನೆದರ್ಲೆಂಡ್ಸ್‌ನಲ್ಲಿ ರಸ್ತೆ ಅಪಘಾತಕ್ಕೆ ಸುಮಾರು 3,300 ಜನ ಬಲಿಯಾದರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಅಂತ ತಂದೆತಾಯಿಯರು ಬೀದಿಗಿಳಿದರು. ಸರ್ಕಾರ ಸೈಕಲ್‌ಗೆ ಬೇರೆ ದಾರಿ ಮಾಡಿತು, ವಸತಿ ಬೀದಿಗಳಲ್ಲಿ ಕಾರಿನ ವೇಗ ಇಳಿಸಿತು. ಇವತ್ತು ಅಲ್ಲಿ ಶಾಲೆಗೆ ಮಕ್ಕಳು ಸೈಕಲ್‌ನಲ್ಲೇ ಹೋಗುತ್ತಾರೆ. ಪ್ಲೇನೋ ಅಷ್ಟು ದೂರ ಬಂದಿಲ್ಲ. ಆದರೆ ನಿಮ್ಮಲ್ಲಿ ಬ್ಲೂಬಾನೆಟ್ ಟ್ರೇಲ್, ಚಿಸಮ್ ಟ್ರೇಲ್ ಎಂಬ ಕಾರು ಬರದ ದಾರಿಗಳು ಇವೆ. ಎರಡು ಮೂರು ಕಿಲೋಮೀಟರ್ ಸುತ್ತಾದರೂ ಅವುಗಳ ಮೇಲೆ ಹೋಗಿ. ದೊಡ್ಡ ರಸ್ತೆಯನ್ನು ಸಿಗ್ನಲ್ ಇರುವಲ್ಲಿ ಮಾತ್ರ ದಾಟಿ. ಸಂಜೆ ಕತ್ತಲಾದ ಮೇಲಿನ ಹೊತ್ತೇ ಅಲ್ಲಿ ಹೆಚ್ಚು ಅಪಾಯದ್ದು, ಚಳಿಗಾಲದಲ್ಲಿ ಬೇಗ ಹೊರಡಿ. ಹಿಂದೆ ಕೆಂಪು, ಮುಂದೆ ಬಿಳಿ ಲೈಟ್ ಹಗಲಲ್ಲೂ ಇರಲಿ, ಹೆಲ್ಮೆಟ್ ತಪ್ಪಬಾರದು. ಬಲಕ್ಕೆ ತಿರುಗುವ ಟ್ರಕ್ಕಿನ ಪಕ್ಕದಲ್ಲಿ ಎಂದೂ ನಿಲ್ಲಬೇಡಿ, ಹಿಂದೆ ನಿಲ್ಲಿ. ಒಂದು ಶನಿವಾರ ಮನೆಯವರನ್ನೂ ಆ ದಾರಿಯಲ್ಲಿ ಕರೆದುಕೊಂಡು ಹೋಗಿ. ನೀವು ಹೋಗುವ ದಾರಿ ಕಣ್ಣಾರೆ ಕಂಡರೆ ಅವರ ಭಯ ಕಡಿಮೆಯಾಗಬಹುದು. ಆಗದಿದ್ದರೆ ಅವರು ಬೆರಳು ತೋರಿಸುವ ಜಾಗವನ್ನು ನೀವೂ ಗಮನಿಸಿ, ಅಲ್ಲಿ ಏನೋ ಇರುತ್ತದೆ.

ಕೊಡಗಿನ ಮಾತು ಬಂತು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ಹೈಕೋರ್ಟ್ 2021ರಲ್ಲಿ ಎತ್ತಿ ಹಿಡಿದಿದೆ. ಕೈಲ್‌ಪೊಳ್ದ್ ಆಯುಧಪೂಜೆಯ ಹಬ್ಬದ ದಿನ ಕೋವಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದವರಿಗೆ ಕೋವಿ ಅಂದರೆ ಹಿರಿಯರ ನೆನಪು, ಮರ್ಯಾದೆ. ಆ ಭಾವನೆಯನ್ನು ನಾನು ಗೌರವಿಸುತ್ತೇನೆ. ಆದರೆ ನಿಮ್ಮ ಗೆಳೆಯರು ತರಲು ಹೇಳುತ್ತಿರುವುದು ಆ ಕೋವಿಯನ್ನಲ್ಲ. ಇಡೀ ಒಕ್ಕಕ್ಕೆ (ಮನೆತನಕ್ಕೆ) ಸೇರಿದ, ಹಿರಿಯರ ಕಣ್ಣೆದುರು ಇರುವ, ಹಬ್ಬಕ್ಕೆ ಹೊರಬರುವ ಕೋವಿ ಬೇರೆ. ಮಲಗುವ ಕೋಣೆಯ ಡ್ರಾಯರಿನಲ್ಲಿ ಗುಂಡು ತುಂಬಿಟ್ಟ ಪಿಸ್ತೂಲು ಬೇರೆ. ಮನೆತನದ ಅಭ್ಯಾಸ ಇದೆ ಅನ್ನುವುದು ಎರಡನೆಯದಕ್ಕೆ ರಕ್ಷಣೆಯಾಗುವುದಿಲ್ಲ. ಗುರಿ ಹಿಡಿಯುವ ಆಸೆ ಇದ್ದರೆ ಶೂಟಿಂಗ್ ರೇಂಜ್‌ಗೆ ಹೋಗಿ. ಅಲ್ಲೇ ಗನ್ ಬಾಡಿಗೆಗೆ ಕೊಡುತ್ತಾರೆ. ಮಗನಿಗೂ ಕಲಿಸಬಹುದು. ಗನ್ ಮನೆಗೆ ಬರುವ ಅಗತ್ಯವೇ ಇಲ್ಲ.

ಕಾನೂನಿನ ವಿಷಯವಾಗಿ ಒಂದು ಮಾತು. ಎಚ್-1ಬಿಯಂಥ ತಾತ್ಕಾಲಿಕ ಕೆಲಸದ ವೀಸಾದಲ್ಲಿದ್ದಾಗ ಗನ್ ಕೊಳ್ಳಲು ಸಾಮಾನ್ಯವಾಗಿ ಫೆಡರಲ್ ಕಾನೂನಿನ ಅಡ್ಡಿ ಇತ್ತು. ಗ್ರೀನ್ ಕಾರ್ಡ್ ಬಂದ ಮೇಲೆ ಆ ಅಡ್ಡಿ ಹೋಯಿತು. ಟೆಕ್ಸಸ್‌ನಲ್ಲಿ 2021ರಿಂದ ಹೆಚ್ಚಿನ ವಯಸ್ಕರು ಪರವಾನಗಿ ಇಲ್ಲದೆಯೇ ಕೈಗನ್ ಒಯ್ಯಬಹುದು. ಆದರೆ 17 ವರ್ಷದೊಳಗಿನ ಮಗುವಿನ ಕೈಗೆ, ನಿಮ್ಮ ನಿರ್ಲಕ್ಷ್ಯದಿಂದ, ಸಿಡಿಯಲು ಸಿದ್ಧವಾದ ಗನ್ ಸಿಕ್ಕರೆ ಅದು ಅಪರಾಧ. ನಿಮ್ಮ ಇಬ್ಬರು ಮಕ್ಕಳೂ ಆ ವಯಸ್ಸಿನೊಳಗಿದ್ದಾರೆ.

ಇಷ್ಟು ಓದಿಯೂ ತರುವ ನಿರ್ಧಾರ ಮಾಡಿದರೆ, ಗುಂಡು ತೆಗೆದು, ಗನ್ನನ್ನು ಸೇಫ್‌ನಲ್ಲಿ ಬೀಗ ಹಾಕಿಡಿ. ಗುಂಡುಗಳನ್ನು ಬೇರೆ ಕಡೆ, ಬೇರೆ ಬೀಗದಲ್ಲಿಡಿ. ಕೋಡ್ ಮಕ್ಕಳಿಗೆ ಗೊತ್ತಿರಬಾರದು, ಹುಟ್ಟಿದ ದಿನಾಂಕ ಇಡಬೇಡಿ. ಹೀಗೆ ಇಟ್ಟ ಮನೆಗಳಲ್ಲಿ ಮಕ್ಕಳ ಸಾವು ಸ್ಪಷ್ಟವಾಗಿ ಕಡಿಮೆ ಅಂತ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಹೀಗೆ ಇಟ್ಟ ಗನ್ ರಾತ್ರಿ ಎರಡು ಗಂಟೆಗೆ ಕಳ್ಳ ಬಂದಾಗ ತಕ್ಷಣ ಕೈಗೆ ಬರುವುದಿಲ್ಲ. ಬೇಗ ಕೈಗೆ ಬರುವಂತೆ ಇಟ್ಟರೆ ಮಗನ ಕೈಗೂ ಬರುತ್ತದೆ. 15 ವರ್ಷದ ಹುಡುಗ ಇರುವ ಮನೆಯಲ್ಲಿ ಇದಕ್ಕೆ ನಡುವಿನ ದಾರಿ ನನಗೆ ಕಾಣುವುದಿಲ್ಲ. ಅದಕ್ಕೇ ತರಬೇಡಿ ಅನ್ನುತ್ತೇನೆ.

ಮಗ ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಗೆಳೆಯರಿಂದ ದೂರ ಉಳಿದರೆ ನೇರವಾಗಿ ಕೇಳಿ: ‘ಸಾಯಬೇಕು ಅಂತ ಅನ್ನಿಸುತ್ತಿದೆಯಾ ಪುಟ್ಟಾ?’ ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಅಮೆರಿಕದಲ್ಲಿ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಯಾವ ಹೊತ್ತಿನಲ್ಲೂ ಕರೆ ಅಥವಾ ಮೆಸೇಜ್ ಮಾಡಬಹುದು. ಭಾರತದಲ್ಲಿರುವ ಓದುಗರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ, ನಿಮ್ಮ ಮನೆಗೆ ಗನ್ ಬರದಿದ್ದರೂ ಮಕ್ಕಳು ಆಡಲು ಹೋಗುವ ಮನೆಗಳಲ್ಲಿ ಇರುತ್ತದೆ. ಟೆಕ್ಸಸ್‌ನಲ್ಲಿ ಅದು ಸಾಮಾನ್ಯ. ಮಗಳಿಗೆ ಕಡಲೆಕಾಯಿ ಅಲರ್ಜಿ ಇದ್ದಿದ್ದರೆ ಮೊದಲೇ ಫೋನ್ ಮಾಡಿ ಹೇಳುತ್ತಿದ್ದಿರಿ ಅಲ್ವಾ? ಅಷ್ಟೇ ಸಹಜವಾಗಿ ಕೇಳಿ: ‘ಮನೆಯಲ್ಲಿ ಗನ್ ಇದೆಯೇ? ಬೀಗ ಹಾಕಿದ್ದೀರಾ?’ ಅಲ್ಲಿನ ಮಕ್ಕಳ ತಜ್ಞರೂ ಇದನ್ನೇ ಕೇಳಲು ಹೇಳುತ್ತಾರೆ. ಹೆಚ್ಚಿನ ಪೋಷಕರು ಬೇಸರ ಮಾಡಿಕೊಳ್ಳುವುದಿಲ್ಲ. ಉತ್ತರ ಸಮಾಧಾನ ಕೊಡದಿದ್ದರೆ ಆ ಮಕ್ಕಳನ್ನೇ ನಿಮ್ಮ ಮನೆಗೆ ಕರೆಯಿರಿ. ಇದನ್ನು ಮೊದಲು ಕೇಳಬೇಕಾದ್ದು ನಿಮ್ಮ ಆಫೀಸಿನ ಗೆಳೆಯರನ್ನೇ, ಅವರ ಮನೆಗೆ ನಿಮ್ಮ ಮಕ್ಕಳು ಹೋಗಿ ಬರುತ್ತಿದ್ದರೆ.